ಮಗಳಿಗೊಂದು ಪತ್ರ: ಪಿ.ಬಿ. ಶ್ರೀನಿವಾಸರ ದನಿಯನ್ನು ಕುರಿತು

ಚಿ. ಮಾನಸಳಿಗೆ ಅಮ್ಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಕಳೆದ ವಾರ ಫೋನಿನಲ್ಲಿ ಮಾತನಾಡುವಾಗ ನೀನು, ಪಿ.ಬಿ. ಶ್ರೀನಿವಾಸರ ಹಾಡುಗಳೆಲ್ಲ ಒಂದೇ ಬಗೆಯಾಗಿ ಕೇಳಿಸುತ್ತವೆ, ಆ ದನಿಯಲ್ಲಿ ಆವೇಶವೇ ಇಲ್ಲ, ಕೇಳುತ್ತ ಕುಳಿತರೆ ನಿದ್ದೆ ಬರುತ್ತದೆ ಎಂದೆ. ಫೋನಿನಲ್ಲಿ ವಾದಕ್ಕಿಳಿದರೆ ಮಾತು ಅರ್ಧಕ್ಕೇ ನಿಲ್ಲುತ್ತದೆಂದು ನಾನು ಆಗ ಉತ್ತರಿಸಲಿಲ್ಲ. ನಾನು ಎಲ್ಲ ಗಾಯಕರಿಗಿಂತ ಹೆಚ್ಚಾಗಿ ಪ್ರೀತಿಸುವವರ ವಿಷಯವಾದ್ದರಿಂದ ಸಾವಧಾನವಾಗಿ ಬರೆದೇ ತಿಳಿಸಬೇಕೆನಿಸಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕನ್ನಡ ಚಿತ್ರಗೀತೆಯಲ್ಲಿ ಪಿಬಿಎಸ್ ಅವರಷ್ಟು ನಂಬುವಂತೆ ಹಾಡಿದವರು ಇನ್ನೊಬ್ಬರಿಲ್ಲ, ಮತ್ತು ಅದಕ್ಕೆ ಕಾರಣ ನೀನು ಕೊರತೆಯೆಂದು ಎಣಿಸಿದ ಆ ಸಂಯಮವೇ. ಅವರು ಕೇಳುಗರನ್ನು ಅಳಿಸಬೇಕೆಂದಾಗಲಿ ಬೆರಗುಗೊಳಿಸಬೇಕೆಂದಾಗಲಿ ಹೊರಡುವುದಿಲ್ಲ. ಸಾಹಿತ್ಯದಲ್ಲಿ ಎಷ್ಟಿದೆಯೋ ಅಷ್ಟನ್ನು, ಒಂದಿನಿತೂ ಹೆಚ್ಚಿಸದೆ ನಮ್ಮ ಮುಂದಿಟ್ಟು ಸುಮ್ಮನಾಗುತ್ತಾರೆ. ಉಳಿದದ್ದನ್ನು ನಾವು ತುಂಬಿಕೊಳ್ಳಬೇಕು, ತೆರೆಯ ಮೇಲೆ ನಟ ತುಂಬಬೇಕು.

1971ರ ‘ಕಸ್ತೂರಿ ನಿವಾಸ’ದ ‘ಆಡಿಸಿ ನೋಡು ಬೀಳಿಸಿ ನೋಡು’ ಹಾಡನ್ನು ನೀನು ಚಿಕ್ಕಂದಿನಿಂದ ಕೇಳಿದ್ದೀಯೆ, ಆದರೆ ಗಮನವಿಟ್ಟು ಕೇಳಿದ್ದೀಯೋ ಇಲ್ಲವೋ ತಿಳಿಯದು. ಕೊಡುತ್ತ ಕೊಡುತ್ತಲೇ ಎಲ್ಲವನ್ನೂ ಕಳೆದುಕೊಳ್ಳುವ ಮನುಷ್ಯನ ಕಥೆ ಆ ಚಿತ್ರದ್ದು. ಚಿ. ಉದಯಶಂಕರ್ ಬರೆದು ಜಿ.ಕೆ. ವೆಂಕಟೇಶ್ ರಾಗ ಹಾಕಿದ ಈ ಗೀತೆ ಎಷ್ಟು ಬೀಳಿಸಿದರೂ ಎದ್ದು ನಿಲ್ಲುವ ಬೊಂಬೆಯನ್ನು ಕುರಿತದ್ದು. ಚಿತ್ರದ ಕೊನೆಯನ್ನು ಬಲ್ಲ ಬೇರೆ ಗಾಯಕರಾಗಿದ್ದರೆ ಮುಂದೆ ಬರಲಿರುವ ದುರಂತದ ನೆರಳನ್ನು ಇಲ್ಲಿಯೇ ದನಿಯಲ್ಲಿ ತೋರಿಸುತ್ತಿದ್ದರೇನೋ. ಪಿಬಿಎಸ್ ಹಾಗೆ ಮಾಡುವುದಿಲ್ಲ. ಕೊಟ್ಟು ಬಾಳುವುದರಲ್ಲಿ ಪೂರ್ಣ ನಂಬಿಕೆಯಿರುವ ಮನುಷ್ಯ ಹೇಗೆ ಹಾಡುವನೋ ಹಾಗೆಯೇ, ತುಸು ನಗುಮುಖದಿಂದ ಹಾಡುತ್ತಾರೆ. ಆದ್ದರಿಂದಲೇ ಚಿತ್ರವನ್ನು ಎರಡನೆಯ ಸಲ ನೋಡುವಾಗ ಆ ಹಾಡು ಸಹಿಸಲು ಕಷ್ಟವಾಗುತ್ತದೆ.

ಆವೇಶವಿಲ್ಲ ಎಂಬ ನಿನ್ನ ಮಾತಿಗೆ ಉತ್ತರ 1975ರ ‘ಮಯೂರ’ದಲ್ಲಿದೆ. ‘ನಾನಿರುವುದೆ ನಿಮಗಾಗಿ’ ರಾಜನಾಗುವವನು ಪ್ರಜೆಗಳಿಗೆ ಕೊಡುವ ಮಾತು. ಇಂತಹ ಸಂದರ್ಭ ಬಂದರೆ ಗಾಯಕರು ಎದೆಯುಬ್ಬಿಸಿ ಗರ್ಜಿಸುವುದೇ ವಾಡಿಕೆ. ಪಿಬಿಎಸ್ ಗರ್ಜಿಸದೆಯೇ ಹಾಡಿದರು, ದನಿ ಒಮ್ಮೆಯೂ ಬಿಗಿಯಲಿಲ್ಲ. ಆದರೂ ಆ ಮಾತು ಕೊಟ್ಟವನು ಅದನ್ನು ನಡೆಸಿಯೇ ತೀರುತ್ತಾನೆಂದು ನನಗೆ ಪ್ರತಿಸಲವೂ ಅನಿಸುತ್ತದೆ. ಅದಕ್ಕೂ ಎರಡು ವರ್ಷ ಹಿಂದಿನ ‘ಗಂಧದ ಗುಡಿ’ಯ ‘ನಾವಾಡುವ ನುಡಿಯೇ ಕನ್ನಡ ನುಡಿ’ ಕೂಡ ಹೀಗೆಯೇ. ನವೆಂಬರ್ ತಿಂಗಳು ಪೂರ್ತಿ ಧ್ವನಿವರ್ಧಕಗಳಲ್ಲಿ ಮೊಳಗುವುದರಿಂದ ಅದು ಘೋಷಣೆಯೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮನೆಯಲ್ಲಿ ಒಬ್ಬಳೇ ಕುಳಿತು ಕೇಳು. ನಾಡಿನ ಹೆಮ್ಮೆಯನ್ನು ಯಾರ ಮೇಲೂ ಹೇರದೆ, ತನ್ನ ಸಂತೋಷಕ್ಕಾಗಿ ಹಾಡಿಕೊಳ್ಳುತ್ತಿರುವವನ ಹಾಡು ಅದು ಎಂಬುದು ನಿನಗೂ ತಿಳಿಯುತ್ತದೆ.

ಇಷ್ಟು ಕನ್ನಡವನ್ನು ಹಾಡಿದವರು ಹುಟ್ಟಿದ್ದು ಆಂಧ್ರದ ಕಾಕಿನಾಡದಲ್ಲಿ, 1930ರಲ್ಲಿ. ಅವರ ನಾಲಿಗೆಯ ಮೇಲೆ ನಮ್ಮ ಒತ್ತಕ್ಷರಗಳೂ ಮಹಾಪ್ರಾಣಗಳೂ ಎಷ್ಟು ನಿಚ್ಚಳವಾಗಿದ್ದವೆಂದರೆ, ಕನ್ನಡವನ್ನೇ ಆಡಿಕೊಂಡು ಬೆಳೆದ ಎಷ್ಟೋ ಗಾಯಕರಲ್ಲಿ ನನಗೆ ಆ ಶುದ್ಧಿ ಸಿಕ್ಕಿಲ್ಲ. ಆಗ ನಮ್ಮ ಚಿತ್ರಗಳ ಹಾಡುಗಳು ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳಲ್ಲಿ, ಗಾಯಕರೂ ವಾದ್ಯವೃಂದದವರೂ ಒಟ್ಟಿಗೆ ಕೂಡಿ, ಧ್ವನಿಮುದ್ರಣವಾಗುತ್ತಿದ್ದವು. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ ಆರಂಭಿಸಬೇಕಿತ್ತು. ಅಂತಹ ಒತ್ತಡದ ನಡುವೆಯೂ ಆ ದನಿ ಸಾವಧಾನವಾಗಿಯೇ ಇರುತ್ತಿತ್ತೆಂಬುದು ನನಗೆ ಇಂದಿಗೂ ಆಶ್ಚರ್ಯ. ಅವರು ಹಲವು ಭಾಷೆಗಳಲ್ಲಿ ಕವಿತೆ ಕಟ್ಟುತ್ತಿದ್ದರು. ತಲೆಗೊಂದು ಟೋಪಿ ಧರಿಸಿ, ಜೇಬಿನ ತುಂಬ ಪೆನ್ನುಗಳನ್ನಿಟ್ಟುಕೊಂಡು ಚೆನ್ನೈನ ವುಡ್‌ಲ್ಯಾಂಡ್ಸ್ ಡ್ರೈವ್‌ಇನ್ ಹೋಟೆಲಿನಲ್ಲಿ ಬರೆಯುತ್ತ ಕುಳಿತಿರುತ್ತಿದ್ದುದನ್ನು ಕಂಡವರು ಅನೇಕರು. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ಎಸ್. ಜಾನಕಿಯವರೊಡನೆ ಇಂಗ್ಲಿಷಿನಲ್ಲಿಯೂ ಒಂದು ಹಾಡು ಹಾಡಿದ್ದರೆಂಬುದು ನಿನಗೆ ಹೊಸ ಸಂಗತಿಯಾಗಿರಬಹುದು. 2013ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು.

ಈ ಚಿತ್ರಗಳಲ್ಲಿ ಪಿಬಿಎಸ್ ದನಿ ಕೊಟ್ಟದ್ದು ನಾಯಕನಟ ರಾಜಕುಮಾರ್ ಅವರಿಗೆ; ಆ ರಾಜಕುಮಾರ್ ಅವರೇ ಹಾಡತೊಡಗಿದ ಮೇಲೆ ಪಿಬಿಎಸ್ ಅವರ ಅಗತ್ಯವೇನಿತ್ತು ಎಂದೂ ನೀನು ಕೇಳಿದ್ದೆ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಎಮ್ಮೆಯ ಬೆನ್ನೇರಿ ಹಾಡುವ ಆ ಹಾಡು ಬಂದ ಮೇಲೆ ರಾಜಕುಮಾರ್ ಅವರ ಹೆಚ್ಚಿನ ಹಾಡುಗಳನ್ನು ಅವರೇ ಹಾಡಿದರು, ನಿಜ. ನಾಟಕ ಕಂಪನಿಗಳಲ್ಲಿ ಪಳಗಿದ ಆ ತುಂಬುಗಂಠವನ್ನು ನಾನು ಕಡಿಮೆಯೆಂದು ಹೇಳಲಾರೆ; 1992ರ ‘ಜೀವನ ಚೈತ್ರ’ದ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದುದು ನ್ಯಾಯವಾಗಿಯೇ ಇತ್ತು. ಎಮ್ಮೆಯ ಮೇಲಿನ ಹಾಡಿನ ಒರಟು ಉಲ್ಲಾಸ ಪಿಬಿಎಸ್ ಅವರಿಂದ ಬರುತ್ತಿರಲಿಲ್ಲವೆಂದೂ ಒಪ್ಪುತ್ತೇನೆ. ಆದರೆ ನಾನು ಆಗಲೇ ಹೇಳಿದ ‘ಮಯೂರ’ದಲ್ಲಿ ಇಬ್ಬರ ದನಿಯೂ ಒಬ್ಬನೇ ನಾಯಕನಿಗೆ ಇದೆ: ಜಾನಕಿಯವರೊಡನೆ ಪ್ರೇಮಗೀತೆಯನ್ನು ಹಾಡಿದವರು ರಾಜಕುಮಾರ್, ಪ್ರಜೆಗಳಿಗೆ ಮಾತು ಕೊಟ್ಟವರು ಪಿಬಿಎಸ್. ಒಂದಾದ ಮೇಲೊಂದು ಕೇಳಿದರೆ ರಾಜಕುಮಾರ್ ತಮ್ಮ ಪಾತ್ರವನ್ನೇ ಹಾಡುತ್ತಾರೆ, ಪಿಬಿಎಸ್ ಆ ಪಾತ್ರದ ಮನಸ್ಸಿನೊಳಗಿನ ಮಾತನ್ನು ಹಾಡುತ್ತಾರೆ ಎಂದು ನನಗೆ ತೋರುತ್ತದೆ. ನನಗೆ ಎರಡನೆಯದು ಹೆಚ್ಚು ಬೇಕು.

ನೀನು ಕಳಿಸಿದ ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ಹಾಡುಗಳನ್ನೂ ಕೇಳಿದೆ. ಗೋಪಾಲಕೃಷ್ಣ ಅಡಿಗರ ಕವಿತೆಯ ಸಾಲು 2023ರಲ್ಲಿ ಒಂದು ಚಿತ್ರದ ಹೆಸರಾಗಿ ನಿನ್ನ ವಯಸ್ಸಿನವರ ಬಾಯಲ್ಲಿ ಓಡಾಡುತ್ತಿರುವುದೇ ನನಗೆ ದೊಡ್ಡ ಸಂತೋಷ. ಚರಣ್ ರಾಜ್ ಅವರ ಸಂಗೀತದಲ್ಲಿ ಕಪಿಲ್ ಕಪಿಲನ್ ಹಾಡಿರುವ ಶೀರ್ಷಿಕೆ ಗೀತೆ ನನಗೆ ಬಹಳ ಹಿಡಿಸಿತು, ಏಕೆಂದರೆ ಆತನೂ ದನಿಯನ್ನು ತಳ್ಳುವುದಿಲ್ಲ. ಪಿಬಿಎಸ್ ನಡೆದ ದಾರಿಯಲ್ಲಿ ಈಗಲೂ ಯಾರೋ ನಡೆಯುತ್ತಿದ್ದಾರೆಂದು ನನಗನಿಸಿದ್ದು ಆ ಹಾಡಿನಿಂದ. ಈಚಿನ ಬಹುಪಾಲು ಹಾಡುಗಳ ಬಗ್ಗೆ ನನಗಿರುವ ಬೇಸರ ಅವು ಹೊಸವೆಂಬುದಲ್ಲ, ತಾಳವಾದ್ಯದ ಅಬ್ಬರದ ಅಡಿಯಲ್ಲಿ ಸಾಹಿತ್ಯ ಹೂತುಹೋಗುತ್ತದೆಂಬುದು. ಗಾಯಕರು ಅದರ ಮೇಲೆ ಕೇಳಿಸಬೇಕೆಂದು ಕೂಗಬೇಕಾಗುತ್ತದೆ, ಕೂಗಿದ ಮೇಲೆ ಭಾವಕ್ಕೆ ಜಾಗವೆಲ್ಲಿ?

ಈಗ ನಿನ್ನಲ್ಲಿ ಒಂದು ಕೋರಿಕೆ. ‘ಎರಡು ಕನಸು’ ಚಿತ್ರದಲ್ಲಿ ಪಿಬಿಎಸ್ ಮತ್ತು ವಾಣಿ ಜಯರಾಂ ಹಾಡಿರುವ ‘ಎಂದೆಂದು ನಿನ್ನನು ಮರೆತು’ ಗೀತೆಯನ್ನು ಇಯರ್‌ಫೋನ್ ಹಾಕಿಕೊಂಡು, ಬೇರೆ ಕೆಲಸ ಮಾಡದೆ ಕೇಳು. ರಾಜನ್-ನಾಗೇಂದ್ರ ಸಹೋದರರ ರಾಗ ಎಷ್ಟು ಸುಲಭವಾಗಿ ನಾಲಿಗೆಗೆ ಹತ್ತುತ್ತದೆಂದರೆ, ಹಾಡುವವರು ಏನು ಮಾಡುತ್ತಿದ್ದಾರೆಂಬುದನ್ನು ನಾವು ಮರೆತುಬಿಡುತ್ತೇವೆ. ಪಿಬಿಎಸ್ ಪ್ರತಿ ಸಾಲಿನ ಕೊನೆಯ ಅಕ್ಷರವನ್ನು ಹೇಗೆ ಬಿಡುತ್ತಾರೆಂಬುದನ್ನು ಮಾತ್ರ ಗಮನಿಸು. ಎಳೆಯುವುದಿಲ್ಲ, ಕತ್ತರಿಸುವುದೂ ಇಲ್ಲ. ಅದಾದ ಮೇಲೆಯೂ ನಿದ್ದೆ ಬರಿಸುವ ದನಿ ಎಂದೇ ಅನಿಸಿದರೆ ಯಾವ ಸಾಲಿನಲ್ಲಿ ಹಾಗನಿಸಿತೆಂದು ಬರೆ. ದೀಪಾವಳಿಗೆ ನೀನು ಪುಣೆಯಿಂದ ಬಂದಾಗ ಅದೇ ಸಾಲನ್ನು ಇಬ್ಬರೂ ಕುಳಿತು ಕೇಳೋಣ.

ಊಟದ ಕಡೆಗೆ ಗಮನವಿರಲಿ.

ಇತಿ,
ನಿನ್ನ ಅಮ್ಮ