ಮುಂದೆ ನಡೆಯುವವನಿಗೆ

ಮಾರಾಯ,

ನೀನು ಕಳಿಸಿದ ಫೋಟೋಗಳನ್ನು ಮೂರು ದಿನದಿಂದ ನೋಡುತ್ತಲೇ ಇದ್ದೇನೆ. ವ್ಯಾಂಕೂವರ್ ಪಕ್ಕದ ಸೆಮೂರ್ ಬೆಟ್ಟ, ಕಣ್ಣು ಹಾಯಿಸಿದಷ್ಟೂ ಹಿಮ, ನಿನ್ನ ಕಾಲಿಗೆ ಮೊರದ ಹಾಗೆ ಅಗಲವಾದ ಸ್ನೋಶೂ. ಮೈಭಾರ ಅಗಲಕ್ಕೆ ಹಂಚಿಹೋಗುತ್ತೆ, ಅದಕ್ಕೇ ಕಾಲು ಹೂತುಹೋಗಲ್ಲ ಅಂತ ಬರೆದಿದ್ದೆ. ಅಮ್ಮನಿಗೆ ತೋರಿಸಿದೆ. "ಗದ್ದೆ ಕೆಸರಲ್ಲಿ ಹಲಗೆ ಮೇಲೆ ನಿಂತ ಹಾಗೆ, ಅಲ್ವಾ?" ಅಂದರು.

ಆ ಬೆಟ್ಟ 1500 ಮೀಟರೂ ಇಲ್ಲ. ನಮ್ಮ ಮುಳ್ಳಯ್ಯನಗಿರಿ 1930. ಆದರೂ ಹಿಮ ನಿನಗೆ, ನಮಗೆ ಬರೀ ಮಂಜು. ಅಲ್ಲಿ ಚಳಿಗಾಲದಲ್ಲಿ ಸಮುದ್ರದ ತೇವ ಬೆಟ್ಟಕ್ಕೆ ತಾಗಿ ಹಿಮವಾಗಿ ಸುರಿಯುತ್ತೆ. ಇಲ್ಲಿ ಅದೇ ತೇವ ಜೂನ್‌ನಲ್ಲಿ ಮಳೆಯಾಗಿ ಬಂದು ನಮ್ಮನ್ನು ತೋಯಿಸಿ ಹೋಗಿರುತ್ತೆ.

ಕಳೆದ ಭಾನುವಾರ ನಾವು ನಾಲ್ವರು ಮುಳ್ಳಯ್ಯನಗಿರಿಯ ಸರ್ಪದಾರಿ ಹತ್ತಿದೆವು. ಅರೇಬಿಕಾ ಕುಯ್ಲು ನಡೀತಾ ಇದೆ, ಆಳು ಸಿಗೋದೇ ಕಷ್ಟ. ಆದರೂ ಒಂದು ಬೆಳಿಗ್ಗೆಯ ಮಟ್ಟಿಗೆ ಎಲ್ಲ ಬಿಟ್ಟು ಹೊರಟೆವು. ಮಂಜು ಎಷ್ಟಿತ್ತೆಂದರೆ ಚಾಚಿದ ಕೈ ಕಾಣುತ್ತಿರಲಿಲ್ಲ. ಹುಲ್ಲು ಇಬ್ಬನಿಗೆ ನೆನೆದು ಜಾರುತ್ತಿತ್ತು. ಪಕ್ಕದಲ್ಲಿ ಇಳಿಜಾರು ಇದೆ ಅಂತ ಗೊತ್ತು, ಎಲ್ಲಿ ಶುರು ಅಂತ ಕಾಣದು.

ಮೇಷ್ಟ್ರು "ನೀನು ಮುಂದೆ ನಡಿ" ಅಂದರು. ಹತ್ತು ಹೆಜ್ಜೆ ಹಾಕಿ ನಿಂತುಬಿಟ್ಟೆ. ಆ ಬೆಟ್ಟಕ್ಕೆ ಎಷ್ಟು ಸಲ ಬಂದಿಲ್ಲ ನಾನು! ಆದರೆ ದಾರಿಯನ್ನು ಒಮ್ಮೆಯೂ ನೋಡಿಲ್ಲ. ನೋಡಿದ್ದೆಲ್ಲ ನಿನ್ನ ಹಿಮ್ಮಡಿ ಮತ್ತು ಆ ನೀಲಿ ಚೀಲ. ಕೊನೆಗೆ ಮೇಷ್ಟ್ರೇ ಮುಂದೆ ಹೋದರು. ನಾನು ಅವರ ಹಿಮ್ಮಡಿ ಹಿಡಿದೆ.

ನಿನ್ನ ಪತ್ರದಲ್ಲಿ ಒಂದು ಮಾತಿತ್ತು. ಹೊಸ ಹಿಮದಲ್ಲಿ ಮುಂದೆ ಹೋಗುವವನಿಗೇ ಸುಸ್ತು ಜಾಸ್ತಿ, ಅವನು ತುಳಿದ ಜಾಡಿನಲ್ಲಿ ಉಳಿದವರು ಸುಲಭವಾಗಿ ಬರ್ತಾರೆ, ಅದಕ್ಕೇ ಸರದಿ ಮೇಲೆ ಮುಂದೆ ನಡೀತೀವಿ ಅಂತ. ಅದು ಆವತ್ತಿನಿಂದ ನನ್ನನ್ನು ಬಿಟ್ಟಿಲ್ಲ.

ನನ್ನ ಅಪ್ಪ ಹಾಸನದ ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ರಾತ್ರಿ ಹೊರಗಿನ ಬೆಂಚಿನ ಮೇಲೆ ಮಲಗಿದವನು ನೀನು. ನಿನ್ನ ಅಪ್ಪ ತೀರಿಕೊಂಡಾಗ ನಾನು ಬರಲಿಲ್ಲ. ಬೆಂಗಳೂರಿನಲ್ಲಿದ್ದೆ, ರಜೆ ಸಿಗಲಿಲ್ಲ ಅಂದೆ. ಸುಳ್ಳು ಕಣೋ. ರಜೆ ಕೇಳಲೇ ಇಲ್ಲ. ಮೂಡಿಗೆರೆಗೆ ಬಸ್ಸೂ ಇತ್ತು. ನೀನು ಅಳುವುದನ್ನು ನೋಡುವ ಧೈರ್ಯ ಇರಲಿಲ್ಲ. ನೀನೇ ಕುಸಿದು ಕೂತರೆ ನಾನು ಎಲ್ಲಿ ಕಾಲಿಡಬೇಕು ಅಂತ ಗೊತ್ತಾಗಲಿಲ್ಲ. ನನ್ನ ಸರದಿ ಅದೊಂದೇ ಸಲ ಬಂದಿತ್ತು.

ಇಷ್ಟು ಬರೆಯಬೇಕು ಅಂದುಕೊಂಡಿರಲಿಲ್ಲ. ಎಲ್ಲರೂ ಓದುವ ಕಡೆ ಬರೆದಿದ್ದಕ್ಕೆ ಬೈಯಬೇಡ. ಫೋನಿನಲ್ಲಾದರೆ ನೀನು "ಬಿಡೋ" ಅಂದು ಮಾತು ತಿರುಗಿಸುತ್ತೀಯ.

ಸರಿ, ಬೆಟ್ಟದ ಕತೆ ಮುಗಿಸುತ್ತೇನೆ. ತುದಿ ತಲುಪುವ ಹೊತ್ತಿಗೆ ಮಂಜೆಲ್ಲ ಕಾಲ ಕೆಳಗೆ ಇಳಿದಿತ್ತು. ಬಾಬಾಬುಡನ್‌ಗಿರಿ ಸಾಲು ಒಂದೊಂದಾಗಿ ತಲೆ ಎತ್ತಿತು. ಮುಳ್ಳಪ್ಪ ಸ್ವಾಮಿ ಗದ್ದುಗೆಗೆ ಕೈ ಮುಗಿದೆವು, ನಿನ್ನ ಹೆಸರು ಹೇಳಿಯೂ ಒಂದು ಸಲ. ಕೆಳಗೆ ಬಂದು ಮೆಣಸಿನಕಾಯಿ ಬೋಂಡ ತಿಂದೆವು. ಬಾಬಾ ಬುಡನ್ ಸಾಹೇಬರು ಏಳು ಕಾಫಿ ಬೀಜ ತಂದರಂತಲ್ಲ, ಅದೇ ನಮ್ಮ ಹಳೇ ತಮಾಷೆ: ಮೇಷ್ಟ್ರು ಏಳನೆಯದಕ್ಕೆ ಕೈ ಹಾಕಿದಾಗ ಎಲ್ಲರೂ ಒಟ್ಟಿಗೆ "ಸಾಹೇಬರ ಲೆಕ್ಕ!" ಅಂತ ಕೂಗಿದೆವು. ನೀನಿಲ್ಲದೆ ಅದು ಅಷ್ಟು ಜೋರಾಗಿ ಬರಲಿಲ್ಲ.

ಬರುವ ಡಿಸೆಂಬರಿಗೆ ಬಾ. ಅಷ್ಟರೊಳಗೆ ನಾನೊಬ್ಬನೇ ಎರಡು ಸಲ ಹತ್ತಿ ದಾರಿ ನೋಡಿಟ್ಟಿರುತ್ತೇನೆ.

ಈ ಸಲದ ಕಾಫಿ ಒಣಗಿದ ಮೇಲೆ ಪುಡಿ ಮಾಡಿಸಿ ಕಳಿಸುತ್ತೇನೆ. ಚಿಕೋರಿ ಹಾಕಿಸಲಾ, ಬೇಡವಾ? ಬೇಗ ಹೇಳು. ಹಣ್ಣು ಕಣದಲ್ಲಿದೆ, ಮೇಲೆ ಮೋಡ ಕಟ್ಟುತ್ತಾ ಇದೆ, ಟಾರ್ಪಾಲು ಎಳೆಯೋಕೆ ಹೊರಟೆ.