ಯೂರಿಯಾ ವ್ಯವಸ್ಥೆ ಸರಿಪಡಿಸುವ ಬದಲು ಬೈಪಾಸ್ ಮಾಡಿಸಿ ಎಂದ ಸೇವಾ ಕೇಂದ್ರ: ಲಾರಿ ತಯಾರಿಕಾ ಸಂಸ್ಥೆಗೆ ದೂರು ಪತ್ರ

ಇಂದ:
ಲಾರಿ ಮಾಲೀಕ ಮತ್ತು ಚಾಲಕ,
ಹೊಸಪೇಟೆ, ವಿಜಯನಗರ ಜಿಲ್ಲೆ

ಇವರಿಗೆ:
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಭಾರಿ ವಾಣಿಜ್ಯ ವಾಹನಗಳ ತಯಾರಿಕಾ ಸಂಸ್ಥೆ

ವಿಷಯ: ಬಿಎಸ್-6 (ಭಾರತ್ ಸ್ಟೇಜ್-6 ಹೊಗೆ ಮಾನದಂಡದ) ಲಾರಿಯ ಹೊಗೆ ಶುದ್ಧೀಕರಣ ವ್ಯವಸ್ಥೆಯಲ್ಲಿ ಮರುಕಳಿಸುತ್ತಿರುವ ದೋಷ ಹಾಗೂ ಅದನ್ನು ಸರಿಪಡಿಸದೆ ಕಾನೂನುಬಾಹಿರ ಮಾರ್ಪಾಡಿಗೆ ಸಲಹೆ ನೀಡಿದ ಅಧಿಕೃತ ಸೇವಾ ಕೇಂದ್ರದ ಬಗ್ಗೆ ದೂರು

ಮಾನ್ಯರೇ,

ತಮ್ಮ ಸಂಸ್ಥೆ ತಯಾರಿಸಿದ 14 ಚಕ್ರದ ಬಿಎಸ್-6 ಎರಡನೇ ಹಂತದ ಲಾರಿಯೊಂದನ್ನು ತಮ್ಮ ಅಧಿಕೃತ ಮಾರಾಟಗಾರರಿಂದ ಸಾಲ ಮಾಡಿ ಕೊಂಡಿದ್ದೇನೆ. ತೋರಣಗಲ್ಲಿನಿಂದ ಉಕ್ಕಿನ ಸರಕನ್ನು ಮಂಗಳೂರು ಮತ್ತು ಬೆಂಗಳೂರಿನ ಕಡೆಗೆ ಸಾಗಿಸುವುದೇ ನನ್ನ ಜೀವನೋಪಾಯ. ನನ್ನ ಬಳಿ ಇರುವುದು ಇದೊಂದೇ ಲಾರಿ. ನಾನು ಮತ್ತು ನನ್ನ ತಮ್ಮ ಸರದಿಯಲ್ಲಿ ಓಡಿಸುತ್ತೇವೆ. ಈ ಪತ್ರದಲ್ಲಿ ಎರಡು ದೂರುಗಳಿವೆ. ಲಾರಿಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿರುವ ದೋಷ ಒಂದು. ಆ ದೋಷಕ್ಕೆ ತಮ್ಮ ಸೇವಾ ಕೇಂದ್ರದವರು ಸೂಚಿಸಿದ ಪರಿಹಾರ ಇನ್ನೊಂದು. ಮೊದಲನೆಯದು ಯಂತ್ರಕ್ಕೆ ಸಂಬಂಧಿಸಿದ್ದಾದ್ದರಿಂದ ಸಹಿಸಿಕೊಳ್ಳಬಹುದಿತ್ತು. ಈ ಪತ್ರ ಬರೆಯುವಂತೆ ಮಾಡಿದ್ದು ಎರಡನೆಯದು.

ಡೆಫ್ (ಹೊಗೆ ಶುದ್ಧೀಕರಿಸಲು ಸಿಂಪಡಿಸುವ ಯೂರಿಯಾ ದ್ರಾವಣ) ಟ್ಯಾಂಕ್ ತುಂಬಿದ್ದರೂ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ. ಅದಾದ ಕೆಲವು ಗಂಟೆಗಳಲ್ಲಿ ಪಿಕಪ್ ಬಿದ್ದುಹೋಗಿ, ಭರ್ತಿ ಲೋಡಿನ ಲಾರಿ ಸಣ್ಣ ಏರನ್ನೂ ಹತ್ತಲು ಒದ್ದಾಡುತ್ತದೆ. ಹಾಗೂ ಹೀಗೂ ಮುಂದೆ ಸಾಗಿ ಎಲ್ಲಾದರೂ ನಿಲ್ಲಿಸಿ ಪುನಃ ಚಾಲೂ ಮಾಡಿದರೆ ವೇಗ ಗಂಟೆಗೆ 20 ಕಿಲೋಮೀಟರ್ ದಾಟುವುದಿಲ್ಲ. ಸಕಲೇಶಪುರದ ಬಳಿ ರಾತ್ರಿ ನಿಲ್ಲಿಸಿದ್ದ ಲಾರಿ ಬೆಳಿಗ್ಗೆ ಇದೇ ಸ್ಥಿತಿಯಲ್ಲಿತ್ತು. ಶಿರಾಡಿ ಘಾಟಿಯ ತಿರುವುಗಳಲ್ಲಿ, ಹಿಂದೆ ಬಸ್ಸುಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿರುವಾಗ, ಆ ವೇಗದಲ್ಲಿ ಉಕ್ಕಿನ ಸುರುಳಿ ಹೊತ್ತು ಇಳಿಯುವುದು ಅಪಾಯಕರವೆಂದು ನಿರ್ಧರಿಸಿ ಲಾರಿಯನ್ನು ಅಲ್ಲೇ ಬಿಟ್ಟೆವು. ಸರಕನ್ನು ಬೇರೆ ಲಾರಿಗೆ ದಾಟಿಸಿದ ಕ್ರೇನ್ ಖರ್ಚು, ಬಾಡಿಗೆಯಲ್ಲಿ ಕಡಿತ, ಟೋಯಿಂಗ್ ವೆಚ್ಚ ಎಲ್ಲವನ್ನೂ ನಾನೇ ಭರಿಸಿದ್ದೇನೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ದೋಷ ಕಂಡಾಗ ಮೊದಲು ಎಂಜಿನ್ನಿನ ಟಾರ್ಕ್ (ತಿರುಗುಬಲ) ಅನ್ನು ಕಾಲು ಭಾಗ ಕಡಿಮೆ ಮಾಡಿ, ಆಮೇಲೂ ಸರಿಪಡಿಸದಿದ್ದರೆ ವೇಗವನ್ನು 20 ಕಿಲೋಮೀಟರ್‌ಗೆ ಕಟ್ಟಿಹಾಕುವುದು ನಿಯಮದ ಭಾಗವೇ ಆಗಿದೆ ಎಂಬುದು ನನಗೆ ತಿಳಿದಿದೆ. ಯೂರಿಯಾ ಹಾಕದೆ ಓಡಿಸುವವರನ್ನು ತಡೆಯಲು ಹಾಗೆ ಮಾಡಿದ್ದಾರೆ, ಅದಕ್ಕೆ ನನ್ನ ತಕರಾರಿಲ್ಲ. ಬಿಎಸ್-4ರಲ್ಲಿ ಪ್ರತಿ ಕಿಲೋವ್ಯಾಟ್-ಗಂಟೆಗೆ 3.5 ಗ್ರಾಂ ಇದ್ದ ನೈಟ್ರೋಜನ್ ಆಕ್ಸೈಡುಗಳ ಮಿತಿಯನ್ನು ಬಿಎಸ್-6ರಲ್ಲಿ 0.46 ಗ್ರಾಂಗೆ ಇಳಿಸಲಾಗಿದೆ. ಈ ವ್ಯತ್ಯಾಸ ಸಾಧಿಸಲು ಎಸ್‌ಸಿಆರ್ (ಯೂರಿಯಾದಿಂದ ನೈಟ್ರೋಜನ್ ಆಕ್ಸೈಡು ತಗ್ಗಿಸುವ ಘಟಕ), ಮಸಿ ಹಿಡಿಯಲು ಡಿಪಿಎಫ್ ಎಂಬ ಶೋಧಕ, ಜೊತೆಗೆ ಸೆನ್ಸರ್‌ಗಳೆಲ್ಲ ಬೇಕೆಂದೇ ತಾವು ಲಾರಿಯ ಬೆಲೆ ಏರಿಸಿದಿರಿ, ನಾನು ಆ ಬೆಲೆ ತೆತ್ತೆ. ನಿಯಮ ಪಾಲಿಸಿ ಯೂರಿಯಾ ಹಾಕುತ್ತಿರುವವನಿಗೂ, ಹಾಕದೆ ವಂಚಿಸುವವನಿಗೂ ಆ ಯಂತ್ರ ಒಂದೇ ಶಿಕ್ಷೆ ಕೊಡುತ್ತಿರುವುದು ಏಕೆ ಎಂಬುದಷ್ಟೇ ನನ್ನ ಪ್ರಶ್ನೆ.

ಈ ಪ್ರಶ್ನೆಗೆ ನಮ್ಮ ಭಾಗದ ತಮ್ಮ ಅಧಿಕೃತ ಸೇವಾ ಕೇಂದ್ರದಲ್ಲಿ ಸಿಕ್ಕ ಉತ್ತರ ಪ್ರತಿ ಸಲವೂ ಬೇರೆ. ಮೊದಲು ಲ್ಯಾಪ್‌ಟಾಪ್ ಜೋಡಿಸಿ, ದಾಖಲಾಗಿದ್ದ ದೋಷ ಸಂಕೇತಗಳನ್ನು ಅಳಿಸಿ, ಅವುಗಳ ಮುದ್ರಿತ ಪ್ರತಿಯನ್ನೂ ಕೊಡದೆ ಕಳುಹಿಸಿದರು. ಮುಂದಿನ ಟ್ರಿಪ್ಪಿನಲ್ಲೇ ದೀಪ ಮತ್ತೆ ಹೊತ್ತಿತು. ಆಗ ದುರಸ್ತಿಯ ವಿವರ ಬರೆಯುವ ಜಾಬ್ ಕಾರ್ಡಿನಲ್ಲಿ ‘ಗ್ರಾಹಕರು ಬಳಸಿದ ಡೆಫ್ ಕಳಪೆ’ ಎಂದು ಬರೆದರು. ನಾನು ಡೆಫ್ ಕೊಳ್ಳುವುದು ಅದೇ ಕೇಂದ್ರದ ಬಿಡಿಭಾಗಗಳ ಕೌಂಟರಿನಲ್ಲಿ, ತಮ್ಮದೇ ಮುದ್ರೆಯ ಡಬ್ಬಿಗಳಲ್ಲಿ. ಬಿಲ್ಲುಗಳನ್ನು ಲಗತ್ತಿಸಿದ್ದೇನೆ. ಟ್ಯಾಂಕಿನಿಂದ ತೆಗೆದ ದ್ರಾವಣವನ್ನು ಸಾಂದ್ರತೆ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ನೋಡಿದಾಗ ಯೂರಿಯಾ ಪ್ರಮಾಣ ಇರಬೇಕಾದ ಶೇಕಡಾ 32.5ರಷ್ಟೇ ಇತ್ತು, ಡೆಫ್‌ಗಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 22241 ಒಪ್ಪುವ 31.8ರಿಂದ 33.2ರ ಮಿತಿಯ ನಡುಮಧ್ಯದಲ್ಲಿ. ಗುಣಮಟ್ಟದ ಮಾತು ಬಂದದ್ದರಿಂದ ಹೇಳುತ್ತೇನೆ: ಸತತ 35 ಡಿಗ್ರಿ ಶಾಖದಲ್ಲಿಟ್ಟರೆ ಈ ದ್ರಾವಣದ ಬಾಳಿಕೆ ಸುಮಾರು ಆರು ತಿಂಗಳಿಗೆ ಇಳಿಯುತ್ತದೆ ಎಂದು ಅದೇ ಮಾನದಂಡ ಹೇಳುತ್ತದೆ. ನಮ್ಮ ಕಡೆಯ ಬೇಸಿಗೆ 40 ಡಿಗ್ರಿ ಮುಟ್ಟುತ್ತದೆ. ಆ ಬಿಸಿಲಿನಲ್ಲಿ ತಮ್ಮ ಸೇವಾ ಕೇಂದ್ರದ ಡೆಫ್ ಡಬ್ಬಿಗಳು ನೆರಳಿಲ್ಲದ ಅಂಗಳದಲ್ಲಿ ಪೇರಿಸಿರುವುದನ್ನು ಯಾರು ಬೇಕಾದರೂ ಹೋಗಿ ನೋಡಬಹುದು.

ಡೆಫ್ ವಾದ ಬಿದ್ದುಹೋದಾಗ ನಾಕ್ಸ್ (ನೈಟ್ರೋಜನ್ ಆಕ್ಸೈಡು ಅಳೆಯುವ) ಸೆನ್ಸರ್ ಹಾಳಾಗಿದೆ ಎಂದರು. ಎಸ್‌ಸಿಆರ್‌ನ ಮುಂಚೆ ಒಂದು, ನಂತರ ಒಂದು ಸೆನ್ಸರ್ ಇದ್ದು, ಎರಡರ ಅಳತೆಯನ್ನು ಹೋಲಿಸಿಯೇ ಕಂಪ್ಯೂಟರು ಶುದ್ಧೀಕರಣ ಎಷ್ಟಾಗಿದೆಯೆಂದು ತೀರ್ಮಾನಿಸುತ್ತದೆ. ಇವುಗಳಲ್ಲಿ ಎಸ್‌ಸಿಆರ್‌ನ ನಂತರದ ಸೆನ್ಸರನ್ನು ಬದಲಿಸಿ, ಅದು ವಾರಂಟಿಯಲ್ಲಿ ಬರುವುದಿಲ್ಲವೆಂದು ಪೂರ್ತಿ ಹಣ ವಸೂಲು ಮಾಡಿದರು. ಹಳೆಯ ಸೆನ್ಸರನ್ನು ಹಿಂದಿರುಗಿಸಿ ಎಂದು ಕೇಳಿದರೆ ಗುಜರಿಗೆ ಹೋಯಿತು ಎಂಬ ಉತ್ತರ ಬಂತು. ಹೊಸ ಸೆನ್ಸರ್ ಕೂಡ ಹಳೆಯ ಕಥೆಯನ್ನೇ ಹೇಳತೊಡಗಿದಾಗ, ದೋಷ ಸೆನ್ಸರಿನದಲ್ಲ, ಅದು ಅಳೆಯುತ್ತಿರುವ ಹೊಗೆಯದ್ದು ಎಂದು ಯಾವುದೇ ತಂತ್ರಜ್ಞನಿಗೆ ಹೊಳೆಯಬೇಕಿತ್ತು. ಯೂರಿಯಾ ಸಿಂಪಡಿಸುವ ಇಂಜೆಕ್ಟರ್ ಸರಿಯಾಗಿ ಚಿಮ್ಮುತ್ತಿದೆಯೇ, ಮಿಶ್ರಣವಾಗುವ ಕೊಳವೆಯಲ್ಲಿ ಬಿಳಿ ಹರಳು ಕಟ್ಟಿಕೊಂಡಿದೆಯೇ, ಡೆಫ್ ಪಂಪಿನ ಒತ್ತಡ ಎಷ್ಟಿದೆ, ಇವುಗಳಲ್ಲಿ ಒಂದನ್ನೂ ಪರಿಶೀಲಿಸಿದ ದಾಖಲೆ ಯಾವ ಜಾಬ್ ಕಾರ್ಡಿನಲ್ಲಿಯೂ ಇಲ್ಲ.

ಡಿಪಿಎಫ್ ವಿಚಾರದಲ್ಲಿ ನಡೆದದ್ದೂ ಇದೇ. ಮಸಿ ತುಂಬಿದೆಯೆಂದು ಸೇವಾ ಕೇಂದ್ರದಲ್ಲಿ ನಿಲ್ಲಿಸಿಕೊಂಡು ಬಲವಂತದ ರೀಜನರೇಶನ್ (ಮಸಿಯನ್ನು ಸುಟ್ಟು ತೆಗೆಯುವುದು) ಮಾಡಿದರು, ಹಣ ಪಡೆದರು, ಸ್ವಲ್ಪ ದಿನಕ್ಕೆ ಮತ್ತೆ ತುಂಬಿತು. ಲೋಡಿಂಗ್ ಯಾರ್ಡಿನ ಸಾಲಿನಲ್ಲಿ ಎಂಜಿನ್ ಬಂದ್ ಮಾಡದೆ ನಿಲ್ಲುತ್ತೀರಿ, ಹೊಗೆ ಸಾಕಷ್ಟು ಬಿಸಿಯಾಗುವುದಿಲ್ಲ, ಹಾಗಾಗಿ ಮಸಿ ಸುಡುವುದಿಲ್ಲ ಎಂದು ಮೇಲ್ವಿಚಾರಕರು ನನಗೆ ತಿಳಿಹೇಳಿದರು. ಆ ಮಾತು ತನ್ನಷ್ಟಕ್ಕೆ ನಿಜ. ಆದರೆ ಹೊಸಪೇಟೆಯಿಂದ ಚಿತ್ರದುರ್ಗ ದಾಟಿ ಹಾಸನದವರೆಗೆ ಭರ್ತಿ ಲೋಡಿನಲ್ಲಿ ಹೆದ್ದಾರಿಯ ಮೇಲೆ ಒಂದೇ ಸಮನೆ ಓಡುವ ಲಾರಿಯಲ್ಲಿ ಹೊಗೆ ಬಿಸಿಯಾಗುವುದಿಲ್ಲ ಎಂದರೆ ಅದನ್ನು ಒಪ್ಪುವುದು ಕಷ್ಟ. ಅಷ್ಟು ಓಡಿದ ಮೇಲೂ ಡಿಪಿಎಫ್ ಕಟ್ಟಿಕೊಳ್ಳುತ್ತಿದ್ದರೆ ಮಸಿ ಅತಿಯಾಗಿ ಹುಟ್ಟುತ್ತಿರುವುದು ಎಂಜಿನ್ನಿನಲ್ಲಿಯೇ ಇರಬೇಕು. ಡೀಸೆಲ್ ಇಂಜೆಕ್ಟರ್, ಟರ್ಬೋದಿಂದ ಸೋರುವ ಆಯಿಲ್, ಒತ್ತಡದ ವ್ಯತ್ಯಾಸ ಅಳೆಯುವ ಸೆನ್ಸರ್ ಇವನ್ನು ನೋಡಬೇಕಲ್ಲವೇ ಎಂದು ನಾನೇ ಕೇಳಬೇಕಾಗಿ ಬಂತು. ಲಾರಿ ಓಡಿಸುವವನಿಗೆ ಇದೆಲ್ಲ ಏಕೆ ಎಂಬ ನೋಟ ಉತ್ತರವಾಗಿ ಸಿಕ್ಕಿತು.

ಇನ್ನು ಎರಡನೆಯ ದೂರು. ಕಳೆದ ಸಲ ಲಾರಿ ಬಿಡಿಸಿಕೊಳ್ಳಲು ಹೋದಾಗ, ತಮ್ಮ ಸಮವಸ್ತ್ರ ಧರಿಸಿದ್ದ ಸೇವಾ ಸಲಹೆಗಾರರೊಬ್ಬರು ನನ್ನನ್ನೂ ತಮ್ಮನನ್ನೂ ಪಕ್ಕಕ್ಕೆ ಕರೆದು, “ಅಣ್ಣಾ, ಇದಕ್ಕೆ ಎಷ್ಟು ಅಂತ ಖರ್ಚು ಮಾಡ್ತೀರಿ, ಒಂದು ಬಾಕ್ಸ್ ಹಾಕಿಸಿಬಿಡಿ, ಯೂರಿಯಾ ಖರ್ಚೂ ಇರಲ್ಲ, ಲೈಟೂ ಬರಲ್ಲ, ಹುಡುಗನ್ನ ನಾನೇ ಕಳಿಸ್ತೀನಿ” ಎಂದರು. ಅವರು ಹೇಳಿದ ಬಾಕ್ಸ್ ಎಂದರೆ ಎಮ್ಯುಲೇಟರ್. ಎಲ್ಲವೂ ಸರಿಯಿದೆ ಎಂಬ ಸುಳ್ಳು ಸಂದೇಶವನ್ನು ಲಾರಿಯ ಕಂಪ್ಯೂಟರಿಗೆ ಕಳುಹಿಸುತ್ತಾ, ಯೂರಿಯಾ ಸಿಂಪಡಣೆಯನ್ನೇ ನಿಲ್ಲಿಸುವ ಸಾಧನ ಅದು. ಜ್ವರ ಇಳಿಸುವ ಬದಲು ಥರ್ಮಾಮೀಟರಿನ ಮೇಲೆ 98 ಎಂದು ಬರೆದು ಅಂಟಿಸುವ ಈ ಚಿಕಿತ್ಸೆ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ನಡೆಯುತ್ತದೆಂದು ಕೇಳಿದ್ದೆ. ತಯಾರಕರ ಹೆಸರಿನ ಫಲಕದ ಕೆಳಗೂ ನಡೆಯುತ್ತದೆಂದು ತಿಳಿದಿರಲಿಲ್ಲ.

ಇದರ ಕಾನೂನು ಪರಿಣಾಮವನ್ನು ತಾವು ಬಲ್ಲಿರಿ, ಆದರೂ ದಾಖಲೆಗಾಗಿ ಬರೆಯುತ್ತಿದ್ದೇನೆ. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿಷೇಧಿಸುತ್ತದೆ. 2019ರ ತಿದ್ದುಪಡಿಯಲ್ಲಿ ಹೊಸ ರೂಪ ಪಡೆದ 182ಎ ಸೆಕ್ಷನ್ ಪ್ರಕಾರ ಹಾಗೆ ಮಾಡಿಸಿಕೊಂಡ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ವಾಯುಮಾಲಿನ್ಯದ ಮಾನದಂಡ ಮೀರಿ ಓಡಿಸಿದರೆ 190ನೇ ಸೆಕ್ಷನ್ ಅಡಿಯಲ್ಲಿ ಮೊದಲ ತಪ್ಪಿಗೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಜೊತೆಗೆ ಮೂರು ತಿಂಗಳು ಚಾಲನಾ ಪರವಾನಗಿಗೆ ಅನರ್ಹತೆ. ಲೈಸೆನ್ಸ್ ಹೋದರೆ ನಮ್ಮ ಮನೆಯ ಒಲೆ ಉರಿಯುವುದಿಲ್ಲ. ಅದೇ 182ಎ ಸೆಕ್ಷನ್ನು, ನಿಯಮಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವ, ಅಷ್ಟೇ ಅಲ್ಲ, ಮಾರ್ಪಡಿಸಿಕೊಡುವುದಾಗಿ ಹೇಳುವ ತಯಾರಕ ಮತ್ತು ಡೀಲರ್‌ಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಪ್ರತಿ ವಾಹನಕ್ಕೆ ಒಂದು ಲಕ್ಷ ರೂಪಾಯಿ ದಂಡ ವಿಧಿಸುತ್ತದೆ ಎಂಬುದನ್ನು ತಮ್ಮ ಸೇವಾ ಕೇಂದ್ರದ ಗೋಡೆಯ ಮೇಲೆ ಅಂಟಿಸುವುದು ಒಳ್ಳೆಯದು.

“ಪಿಯುಸಿಯಲ್ಲಿ ಏನೂ ಗೊತ್ತಾಗಲ್ಲ” ಎಂದೂ ಆ ಸಲಹೆಗಾರರು ಧೈರ್ಯ ಹೇಳಿದರು. ದುರ್ದೈವವಶಾತ್ ಅದು ಸತ್ಯ. ಡೀಸೆಲ್ ವಾಹನಗಳ ಹೊಗೆ ಪರೀಕ್ಷೆಯಲ್ಲಿ ನೋಡುವುದು ಹೊಗೆ ಎಷ್ಟು ದಟ್ಟವಾಗಿದೆ ಎಂಬುದನ್ನು ಮಾತ್ರ. ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡುಗಳನ್ನು ಅಲ್ಲಿ ಅಳೆಯುವುದೇ ಇಲ್ಲ. ಯೂರಿಯಾ ನಿಲ್ಲಿಸಿದ ಲಾರಿ ವರ್ಷವಿಡೀ ಸಿಂಧುವಾದ ಪ್ರಮಾಣಪತ್ರ ಹಿಡಿದುಕೊಂಡು ನಿಶ್ಚಿಂತೆಯಿಂದ ಓಡಾಡಬಹುದು. ಸಿಕ್ಕಿಬೀಳುವುದಿಲ್ಲ ಎಂಬುದನ್ನೇ ಮಾರಾಟದ ಮಾತನ್ನಾಗಿ ಬಳಸುವ ಸಿಬ್ಬಂದಿ ತಮ್ಮಲ್ಲಿದ್ದಾರೆ ಎಂಬುದು ತಮಗೆ ಗೊತ್ತಿರಬೇಕು. ಲೋಡಿಂಗ್‌ಗಾಗಿ ರಾತ್ರಿಯಿಡೀ ಸಾಲಿನಲ್ಲಿ ನಿಂತು, ಮುಂದಿನ ಲಾರಿಯ ಸೈಲೆನ್ಸರಿನಿಂದ ಕೆಲವೇ ಅಡಿ ದೂರದ ಕ್ಯಾಬಿನ್ನಿನಲ್ಲಿ ಮಲಗುವವರು ನಾವು. ಆ ಗಾಳಿಯನ್ನು ಮೊದಲು ಉಸಿರಾಡುವವರೂ ನಾವೇ.

ವಾರಂಟಿ ಅವಧಿಯ ಬಗ್ಗೆ ತಮ್ಮ ಕಡೆಯಿಂದ ಬರಬಹುದಾದ ಉತ್ತರ ನನಗೆ ಗೊತ್ತಿದೆ. ಸೆನ್ಸರ್, ಡಿಪಿಎಫ್ ಮುಂತಾದವು ಸವೆಯುವ ಭಾಗಗಳು ಎಂದು ಪುಸ್ತಕದಲ್ಲಿ ಎಲ್ಲೋ ಅಚ್ಚಾಗಿರಬಹುದು. ಆದರೆ ಬಿಎಸ್-6 ನಿಯಮಾವಳಿಯಲ್ಲಿ 16 ಟನ್ನಿಗಿಂತ ಹೆಚ್ಚಿನ ಒಟ್ಟು ತೂಕದ ಸರಕು ವಾಹನಗಳ ಹೊಗೆ ನಿಯಂತ್ರಣ ವ್ಯವಸ್ಥೆ 7 ಲಕ್ಷ ಕಿಲೋಮೀಟರ್ ಅಥವಾ 7 ವರ್ಷ, ಇವೆರಡರಲ್ಲಿ ಮೊದಲು ಮುಗಿಯುವವರೆಗೆ ಮಿತಿಯೊಳಗೆ ಕೆಲಸ ಮಾಡಬೇಕೆಂದು ತಯಾರಕರಿಗೆ ಹೊಣೆ ಹೊರಿಸಲಾಗಿದೆ. ಈ ಬಾಳಿಕೆಯ ಹೊಣೆ ಮತ್ತು ತಾವು ನನಗೆ ಕೊಟ್ಟ ವಾರಂಟಿ ಒಂದೇ ಅಲ್ಲವೆಂದು ತಮ್ಮ ಕಾನೂನು ವಿಭಾಗ ವಾದಿಸಬಹುದು, ವಾದಿಸಲಿ. ಆದರೆ ಅದರ ಅರ್ಧದಷ್ಟೂ ಓಡದ, ಪ್ರತಿ ಸರ್ವಿಸನ್ನೂ ತಮ್ಮ ಕೇಂದ್ರದಲ್ಲೇ ಮಾಡಿಸಿದ ಲಾರಿಯಲ್ಲಿ ಆ ವ್ಯವಸ್ಥೆ ಪದೇ ಪದೇ ಕೈಕೊಡುತ್ತಿದ್ದರೆ, ಅದು ಸರ್ಕಾರದ ಪರೀಕ್ಷಾ ಸಂಸ್ಥೆಗಳ ಮುಂದೆ ತಾವು ಸಾಬೀತುಪಡಿಸಿದ ಬಾಳಿಕೆಯ ಬಗ್ಗೆಯೇ ಪ್ರಶ್ನೆ ಎಬ್ಬಿಸುತ್ತದೆ.

ಆದ್ದರಿಂದ ನನ್ನ ಕೋರಿಕೆಗಳು ಇವು. ತಮ್ಮ ಕಾರ್ಖಾನೆಯ ಮಟ್ಟದ ತಂತ್ರಜ್ಞರೊಬ್ಬರನ್ನು ಕಳುಹಿಸಿ, ನನ್ನ ಸಮಕ್ಷಮದಲ್ಲಿ ಎಂಜಿನ್ ಇಂಜೆಕ್ಟರಿನಿಂದ ಸೈಲೆನ್ಸರಿನವರೆಗೆ ಇಡೀ ವ್ಯವಸ್ಥೆಯನ್ನು ಪರೀಕ್ಷಿಸಿ, ಕಂಪ್ಯೂಟರಿನಲ್ಲಿರುವ ಎಲ್ಲ ದೋಷ ಸಂಕೇತಗಳ ಮುದ್ರಿತ ಪ್ರತಿಯೊಂದಿಗೆ ಮೂಲ ಕಾರಣವನ್ನು ಲಿಖಿತವಾಗಿ ತಿಳಿಸಬೇಕು, ಮತ್ತು ಅದರಂತೆ ಬೇಕಾದ ದುರಸ್ತಿಯನ್ನು ಶುಲ್ಕವಿಲ್ಲದೆ ಮಾಡಿಕೊಡಬೇಕು. ಕಾರಣ ಪತ್ತೆ ಮಾಡದೆ ಬದಲಿಸಿದ ನಾಕ್ಸ್ ಸೆನ್ಸರ್ ಮತ್ತು ಮಾಡಿದ ರೀಜನರೇಶನ್‌ಗಳಿಗೆ ಪಡೆದ ಹಣವನ್ನು, ಸಕಲೇಶಪುರದಲ್ಲಿ ಆದ ಟೋಯಿಂಗ್ ಮತ್ತು ಕ್ರೇನ್ ವೆಚ್ಚವನ್ನು ಮರಳಿಸಬೇಕು. ‘ಕಳಪೆ ಡೆಫ್’ ಎಂಬ ಆಧಾರವಿಲ್ಲದ ಷರಾವನ್ನು ಜಾಬ್ ಕಾರ್ಡಿನಿಂದ ತೆಗೆದುಹಾಕಬೇಕು, ಏಕೆಂದರೆ ಮುಂದೆ ಯಾವುದೇ ವಾರಂಟಿ ಕೇಳಿದರೂ ಅದನ್ನೇ ತೋರಿಸಿ ನಿರಾಕರಿಸಲು ದಾರಿಯಾಗುತ್ತದೆ. ಎಮ್ಯುಲೇಟರ್ ಸಲಹೆಯ ಬಗ್ಗೆ ತನಿಖೆ ನಡೆಸಿ ಕೈಗೊಂಡ ಕ್ರಮವನ್ನು ತಿಳಿಸಬೇಕು. ಕಿರಿಯ ನೌಕರರೊಬ್ಬರನ್ನು ಕೆಲಸದಿಂದ ತೆಗೆದು ಕೈತೊಳೆದುಕೊಳ್ಳುವುದು ನನಗೆ ಬೇಕಿಲ್ಲ. ‘ಹುಡುಗನನ್ನು ನಾನೇ ಕಳಿಸುತ್ತೇನೆ’ ಎನ್ನುವಷ್ಟು ವ್ಯವಸ್ಥಿತವಾಗಿ ಅದು ನಡೆಯುತ್ತಿದೆಯಾದರೆ ಮೇಲಿನವರಿಗೆ ತಿಳಿಯದೆ ನಡೆಯುತ್ತಿರಲಾರದು.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ, ಸ್ವಯಂ ಉದ್ಯೋಗದಿಂದ ಜೀವನ ನಡೆಸುವ ಗ್ರಾಹಕನಾಗಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ, ಮತ್ತು ಮಾರ್ಪಾಡಿನ ಸಲಹೆಗೆ ಸಂಬಂಧಿಸಿದ ವಿವರಗಳನ್ನು ಸಾರಿಗೆ ಇಲಾಖೆಗೆ ಒಪ್ಪಿಸುತ್ತೇನೆ. ಜಾಬ್ ಕಾರ್ಡುಗಳು, ಡೆಫ್ ಬಿಲ್ಲುಗಳು, ಸರ್ವಿಸ್ ದಾಖಲೆ, ಟೋಯಿಂಗ್ ಮತ್ತು ಕ್ರೇನ್ ರಸೀದಿಗಳ ಪ್ರತಿಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಮೂಲ ಪ್ರತಿಗಳು ನನ್ನ ಬಳಿ ಇವೆ. ಲಾರಿ ಸದ್ಯ ಹೊಸಪೇಟೆಯಲ್ಲಿ ನಿಂತಿದೆ, ಕಂತು ಮಾತ್ರ ನಿಂತಿಲ್ಲ. ತಮ್ಮ ತಂತ್ರಜ್ಞರು ಯಾವ ದಿನ ಬಂದರೂ ಪರೀಕ್ಷೆಗೆ ಸಿದ್ಧವಾಗಿಟ್ಟಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಲಾರಿ ಮಾಲೀಕ, ಹೊಸಪೇಟೆ