ಜಾಲತಾಣಕ್ಕೆ ಕಡತ ಏರಿಸುವ ದಾರಿಯೂ ಭದ್ರವಾಗಿರಲಿ

ಮಾನ್ಯ ಸಂಪಾದಕರಿಗೆ ವಂದನೆಗಳು.

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಂದ ಹಿಡಿದು ಅನುದಾನಿತ ಶಾಲೆಗಳು, ದೇವಸ್ಥಾನದ ಟ್ರಸ್ಟ್‌ಗಳು, ತಾಲ್ಲೂಕು ಮಟ್ಟದ ಸಾಹಿತ್ಯ ಸಂಘಟನೆಗಳವರೆಗೆ ನಮ್ಮ ಸಣ್ಣ ಸಂಸ್ಥೆಗಳು ಕೂಡ ಈಗ ಸ್ವಂತ ಜಾಲತಾಣ ಇಟ್ಟುಕೊಳ್ಳುತ್ತಿವೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯು 2015ರ ಕೊನೆಯಿಂದ ಭದ್ರತಾ ಪ್ರಮಾಣಪತ್ರಗಳನ್ನು ಎಲ್ಲರಿಗೂ ಉಚಿತವಾಗಿ ಕೊಡತೊಡಗಿದ ಮೇಲೆ ಇಂಥ ತಾಣಗಳ ವಿಳಾಸವೂ ಎಚ್‌ಟಿಟಿಪಿಎಸ್ ಎಂದೇ ಆರಂಭವಾಗುವುದು ಸಾಮಾನ್ಯವಾಗಿದೆ. ಅಂದರೆ ತಾಣವನ್ನು ನೋಡುವವರಿಗೂ ಸರ್ವರ್‌ಗೂ ನಡುವೆ ಸಾಗುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾರರು. ಆದರೆ ಅದೇ ತಾಣಕ್ಕೆ ವಾರ್ಷಿಕ ವರದಿಯ ಪಿಡಿಎಫ್, ಮಹಾಸಭೆಯ ನೋಟಿಸು, ಸಮಾರಂಭದ ಚಿತ್ರಗಳನ್ನು ಏರಿಸುವವರು ಹಿಡಿಯುವ ದಾರಿ ಮಾತ್ರ ಹಲವು ಕಡೆ ಇನ್ನೂ ಯಾವ ಮರೆಯೂ ಇಲ್ಲದ ಹಳೆಯ ಎಫ್‌ಟಿಪಿ (ಕಂಪ್ಯೂಟರುಗಳ ನಡುವೆ ಕಡತ ಸಾಗಿಸುವ ವಿಧಾನ) ಆಗಿಯೇ ಉಳಿದಿದೆ. ಇಂಥ ಕೆಲವು ಸಂಸ್ಥೆಗಳ ತಾಣಗಳನ್ನು ನೋಡಿಕೊಳ್ಳುವವನಾಗಿ ಈ ವಿಷಯದತ್ತ ಸಂಸ್ಥೆಗಳ ಕಾರ್ಯದರ್ಶಿಗಳ ಮತ್ತು ತಾಣಗಳಿಗೆ ಸರ್ವರ್‌ನಲ್ಲಿ ಜಾಗ ಕೊಡುವ ಹೋಸ್ಟಿಂಗ್ ಸೇವೆ ಮಾರುವವರ ಗಮನ ಸೆಳೆಯಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ವಿಷಯದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಫೈಲ್‌ಜಿಲ್ಲಾ, ವಿನ್‌ಎಸ್‌ಸಿಪಿಯಂಥ ಉಚಿತ ತಂತ್ರಾಂಶವನ್ನು ತೆರೆದರೆ ಎಡಗಡೆ ನಮ್ಮ ಕಂಪ್ಯೂಟರಿನ ಫೋಲ್ಡರುಗಳೂ ಬಲಗಡೆ ಸರ್ವರ್‌ನ ಫೋಲ್ಡರುಗಳೂ ಕಾಣುತ್ತವೆ. ಎಡದಿಂದ ಬಲಕ್ಕೆ ಕಡತವನ್ನು ಎಳೆದು ಹಾಕಿದರೆ ಅದು ಅಪ್‌ಲೋಡ್ ಆಗಿ ತಾಣದಲ್ಲಿ ಪ್ರಕಟವಾಗುತ್ತದೆ. ಅದಕ್ಕೂ ಮೊದಲು ಸರ್ವರ್‌ನ ವಿಳಾಸ, ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಡಬೇಕು. ಸಾದಾ ಎಫ್‌ಟಿಪಿಯಲ್ಲಿ ಈ ಹೆಸರು ಮತ್ತು ಪಾಸ್‌ವರ್ಡ್ ಎರಡೂ 21ನೇ ಪೋರ್ಟಿನ (ಸರ್ವರ್‌ನ ಸಂಖ್ಯೆಯುಳ್ಳ ಬಾಗಿಲಿನ) ಮೂಲಕ ಬರೆದದ್ದು ಬರೆದಂತೆಯೇ ಸಾಗುತ್ತವೆ. ನಡುವಿನ ವೈ-ಫೈಯಲ್ಲೋ ಕಚೇರಿಯ ಜಾಲದಲ್ಲೋ ದತ್ತಾಂಶವನ್ನು ಹಿಡಿದು ನೋಡಬಲ್ಲವರಿಗೆ, ವೈರ್‌ಶಾರ್ಕ್‌ನಂಥ ಉಚಿತ ಸಾಧನವೊಂದಿದ್ದರೆ, ಅವು ಅಕ್ಷರ ಅಕ್ಷರವಾಗಿ ಓದಲು ಸಿಗುತ್ತವೆ. ತುಂಬಿದ ಬಸ್ಸಿನಲ್ಲಿ ನಿಂತು ಫೋನಿನಲ್ಲಿ ಎಟಿಎಂ ಪಿನ್ ಓದಿ ಹೇಳುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಈ ವಿಧಾನವನ್ನು ರೂಪಿಸಿದವರನ್ನು ದೂರುವುದು ನನ್ನ ಉದ್ದೇಶವಲ್ಲ. ಎಫ್‌ಟಿಪಿಯ ಮೊದಲ ಕರಡನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಅಲಹಾಬಾದಿನಲ್ಲಿ ಹುಟ್ಟಿ, ಕಾನ್ಪುರ ಐಐಟಿಯ ಮೊದಲ ತಂಡದಲ್ಲಿ ಓದಿ, ಆಗ ಅಮೆರಿಕದ ಎಂಐಟಿಯಲ್ಲಿದ್ದ ಅಭಯ್ ಭೂಷಣ್ ಎಂಬುದು ನಮ್ಮವರು ಹೆಮ್ಮೆಪಡಬೇಕಾದ ಸಂಗತಿಯೇ ಸರಿ. ಆಗ ಇಂಟರ್ನೆಟ್ಟಿನ ಪೂರ್ವರೂಪವಾದ ಆರ್ಪಾನೆಟ್ ಜಾಲದಲ್ಲಿ ಇದ್ದದ್ದು ಕೆಲವೇ ವಿಶ್ವವಿದ್ಯಾಲಯಗಳು ಮತ್ತು ಸಂಶೋಧನಾ ಕೇಂದ್ರಗಳು. ಅಲ್ಲಿ ಪಾಸ್‌ವರ್ಡ್ ಕದಿಯುವ ಅಪರಿಚಿತನನ್ನು ಯಾರೂ ಕಲ್ಪಿಸಿಕೊಂಡಿರಲಿಲ್ಲ. ಇಂದಿಗೂ ಆಧಾರವಾಗಿರುವ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ 1985ರಲ್ಲಿ ಸಿದ್ಧಪಡಿಸಿದರು, ಅಂದರೆ ವೆಬ್ ಇನ್ನೂ ಹುಟ್ಟಿರದ ಕಾಲದಲ್ಲಿ. ಅಪಾಯ ಕಣ್ಣಿಗೆ ಬೀಳಲು ಬಹಳ ವರ್ಷ ಬೇಕಾಗಲಿಲ್ಲ. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳ ಕಳವಾದ ಬಳಿಕ ಅಲ್ಲಿನ ಟಾಟು ಇಲೋನೆನ್ ಎಸ್‌ಎಸ್‌ಎಚ್ ಎಂಬ ಭದ್ರ ಸಂಪರ್ಕ ವಿಧಾನವನ್ನು ರೂಪಿಸಿದರು. ಎಫ್‌ಟಿಪಿಯ 21ನೇ ಪೋರ್ಟ್ ಮತ್ತು ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ಹಳೆಯ ವಿಧಾನವಾದ ಟೆಲ್‌ನೆಟ್‌ನ 23ರ ನಡುವೆ ಖಾಲಿ ಉಳಿದಿದ್ದ 22ನ್ನು ಅವರು ಕೇಳಿ ಪಡೆದದ್ದಕ್ಕೆ, ಆ ಎರಡರ ಜಾಗದಲ್ಲಿ ತಮ್ಮ ವಿಧಾನ ಬಳಕೆಗೆ ಬರಬೇಕೆಂಬ ಆಶಯವೇ ಕಾರಣವಾಗಿತ್ತು. ಮುಂದೆ ಅದೇ ಎಸ್‌ಎಸ್‌ಎಚ್ ಸಂಪರ್ಕದೊಳಗೆ ಕಡತ ಸಾಗಿಸುವ ಎಸ್‌ಎಫ್‌ಟಿಪಿ ಬಂದಿತು. ಹಳೆಯ ಎಫ್‌ಟಿಪಿಗೇ ಟಿಎಲ್‌ಎಸ್ ಎಂಬ ಗೂಢಲಿಪಿಯ ಹೊದಿಕೆ ತೊಡಿಸುವ ಎಫ್‌ಟಿಪಿಎಸ್‌ನ ನಿಯಮಾವಳಿ 2005ರಲ್ಲಿ ಪ್ರಕಟವಾಯಿತು. ಪರಿಹಾರ ಸಿಕ್ಕಿ ಇಷ್ಟು ವರ್ಷಗಳಾದ ಮೇಲೂ ನಾವು ಸಾದಾ ಎಫ್‌ಟಿಪಿಯಲ್ಲೇ ಉಳಿದಿರುವುದಕ್ಕೆ ಉದಾಸೀನವಲ್ಲದೆ ಬೇರೆ ಕಾರಣ ನನಗೆ ತೋರುವುದಿಲ್ಲ.

ದೊಡ್ಡವರು ಇದನ್ನು ಬಿಟ್ಟು ಮುಂದೆ ಹೋಗಿದ್ದಾರೆ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಅಧಿಕೃತ ಭಂಡಾರವೂ ಅದನ್ನು ಆಧರಿಸಿದ ಡೆಬಿಯನ್ ಯೋಜನೆಯೂ ತಮ್ಮ ಸಾರ್ವಜನಿಕ ಎಫ್‌ಟಿಪಿ ಸೇವೆಯನ್ನು 2017ರಲ್ಲಿ ಮುಚ್ಚಿದವು. ಫೈರ್‌ಫಾಕ್ಸ್ ಮತ್ತು ಕ್ರೋಮ್ ಬ್ರೌಸರುಗಳು 2021ರಲ್ಲಿ ಎಫ್‌ಟಿಪಿ ವಿಳಾಸಗಳನ್ನು ತೆರೆಯುವುದನ್ನೇ ನಿಲ್ಲಿಸಿದವು. ಆದರೆ ಇವೆಲ್ಲ ಹೆಚ್ಚಾಗಿ ಕಡತಗಳನ್ನು ಇಳಿಸಿಕೊಳ್ಳುವವರಿಗೆ ಸಂಬಂಧಿಸಿದ ಬದಲಾವಣೆಗಳು. ಏರಿಸುವವರು, ಅಂದರೆ ನಿಜವಾಗಿ ಪಾಸ್‌ವರ್ಡ್ ಬಳಸುವವರು, ಹಳೆಯ ರೂಢಿಯಲ್ಲೇ ಉಳಿದಿದ್ದಾರೆ.

‘ನಮ್ಮ ತಾಣದಲ್ಲಿ ಕದಿಯುವಂಥದ್ದು ಏನಿದೆ?’ ಎಂಬ ಪ್ರಶ್ನೆಯನ್ನು ಕಾರ್ಯದರ್ಶಿಗಳ ಬಾಯಿಂದ ಪದೇ ಪದೇ ಕೇಳಿದ್ದೇನೆ. ಆಡಳಿತ ಮಂಡಳಿಯ ಸದಸ್ಯರ ಚಿತ್ರಗಳನ್ನು ಯಾರೂ ಕದಿಯಲು ಬರುವುದಿಲ್ಲ ಎನ್ನುವುದು ನಿಜ. ಆದರೆ ನುಗ್ಗುವವರಿಗೆ ಬೇಕಾಗಿರುವುದು ತಾಣದ ಒಳಗಿರುವ ವಿಷಯವಲ್ಲ, ತಾಣದ ಹೆಸರಿಗೆ ಜನ ಮತ್ತು ಸರ್ಚ್ ಇಂಜಿನ್‌ಗಳು ಕೊಡುವ ವಿಶ್ವಾಸ. ಎಫ್‌ಟಿಪಿ ಖಾತೆ ಕೈಗೆ ಸಿಕ್ಕರೆ ಯಾರ ಕಣ್ಣಿಗೂ ಬೀಳದ ಒಳಫೋಲ್ಡರಿನಲ್ಲಿ ಜೂಜಿನ ಜಾಹೀರಾತಿನ ಪುಟಗಳನ್ನೋ, ಬ್ಯಾಂಕಿನ ಪುಟದಂತೆಯೇ ಕಾಣುವ ನಕಲಿ ಪುಟವನ್ನೋ ಇಡಬಹುದು. ಮುಖಪುಟ ಎಂದಿನಂತೆಯೇ ಇರುವುದರಿಂದ ಸಂಸ್ಥೆಗೆ ತಿಂಗಳುಗಟ್ಟಲೆ ಸುಳಿವೇ ಸಿಗುವುದಿಲ್ಲ. 2009ರಲ್ಲಿ ಹರಡಿದ ಗಂಬ್ಲರ್ ಎಂಬ ಕುತಂತ್ರಾಂಶವು ಸೋಂಕು ತಗುಲಿದ ಕಂಪ್ಯೂಟರುಗಳಿಂದ ಎಫ್‌ಟಿಪಿ ಪಾಸ್‌ವರ್ಡ್‌ಗಳನ್ನು ಕದ್ದು, ಆ ಮೂಲಕ ತಾಣಗಳ ಪುಟಗಳಿಗೆ ತನ್ನ ಸಾಲುಗಳನ್ನು ಸೇರಿಸಿ, ಆ ಪುಟ ನೋಡಿದವರ ಕಂಪ್ಯೂಟರುಗಳಿಗೂ ಹಬ್ಬುತ್ತಿತ್ತು. ಅದಕ್ಕೆ ತಾಣ ಸಣ್ಣದೋ ದೊಡ್ಡದೋ ಎಂಬ ಭೇದವಿರಲಿಲ್ಲ.

ಇನ್ನು ಪರಿಹಾರಕ್ಕೆ ಹಣ ಬೇಕೇ ಎಂದರೆ, ಬೇಡ. ಫೈಲ್‌ಜಿಲ್ಲಾದ ಸೈಟ್ ಮ್ಯಾನೇಜರ್‌ನಲ್ಲಿ ಪ್ರೋಟೋಕಾಲ್ ಎಂಬ ಪಟ್ಟಿಯಿದೆ. ಅದರಲ್ಲಿ ಎಸ್‌ಎಫ್‌ಟಿಪಿ ಆರಿಸಿದರೆ ಕೆಲಸದ ಬಹುಪಾಲು ಮುಗಿಯಿತು. ಎಫ್‌ಟಿಪಿಯಲ್ಲೇ ಇರಬೇಕಾದ ಸಂದರ್ಭದಲ್ಲಿ ಅದರ ಕೆಳಗಿನ ಎನ್‌ಕ್ರಿಪ್ಷನ್ ಪಟ್ಟಿಯಲ್ಲಿ ಟಿಎಲ್‌ಎಸ್ ಕಡ್ಡಾಯ ಎಂಬ ಆಯ್ಕೆಯನ್ನು ಹಾಕಿಕೊಳ್ಳಬೇಕು. ಅಲ್ಲಿ ತಾನಾಗಿಯೇ ಇರುವ ಆಯ್ಕೆ ‘ಲಭ್ಯವಿದ್ದರೆ ಟಿಎಲ್‌ಎಸ್’ ಎಂಬುದಾಗಿದ್ದು, ಲಭ್ಯವಿಲ್ಲದಿದ್ದರೆ ಸಂಪರ್ಕವು ಸಾದಾ ಎಫ್‌ಟಿಪಿಗೆ ಇಳಿಯಲು ಅದು ಅವಕಾಶ ಕೊಡುತ್ತದೆ ಎಂಬುದನ್ನು ಬಹಳ ಜನ ಗಮನಿಸಿರುವುದಿಲ್ಲ.

ನನ್ನ ಅನುಭವದಲ್ಲಿ ಜನರು ಭದ್ರ ವಿಧಾನವನ್ನು ಬಿಟ್ಟು ಹಿಂದಕ್ಕೆ ಬರುವುದು ಎರಡು ಕಡೆಗಳಲ್ಲಿ. ಮೊದಲನೆಯದು, ಸರ್ವರ್‌ನ ಪ್ರಮಾಣಪತ್ರ ಅಪರಿಚಿತವೆಂದು ತೆರೆಯ ಮೇಲೆ ಎಚ್ಚರಿಕೆ ಮೂಡಿದಾಗ. ಆಗ ಹೋಸ್ಟಿಂಗ್‌ನವರನ್ನು ವಿಚಾರಿಸುವ ಬದಲು, ಕಿರಿಕಿರಿ ತಪ್ಪಲೆಂದು ಸಾದಾ ಎಫ್‌ಟಿಪಿಯನ್ನೇ ಆರಿಸಿಬಿಡುತ್ತಾರೆ. ಎರಡನೆಯದು ಸ್ವಲ್ಪ ಸೂಕ್ಷ್ಮ. ಎಫ್‌ಟಿಪಿಯಲ್ಲಿ ಆದೇಶಗಳಿಗೆ ಒಂದು ಸಂಪರ್ಕ, ಕಡತಗಳಿಗೆ ಇನ್ನೊಂದು ಸಂಪರ್ಕ ಬೇಕಾಗುತ್ತದೆ. ಆ ಎರಡನೆಯ ಸಂಪರ್ಕ ಯಾವ ಪೋರ್ಟಿನಲ್ಲಿ ತೆರೆಯಬೇಕೆಂಬ ಮಾತುಕತೆಯನ್ನು ಜಾಲದ ಕಾವಲುಗಾರರಾದ ಫೈರ್‌ವಾಲ್‌ಗಳು ಇಣುಕಿ ನೋಡಿ ದಾರಿ ಬಿಡುತ್ತವೆ. ಟಿಎಲ್‌ಎಸ್ ಹಾಕಿದೊಡನೆ ಈ ಮಾತುಕತೆಯೂ ಗೂಢಲಿಪಿಗೆ ಹೋಗುವುದರಿಂದ ಫೈರ್‌ವಾಲ್‌ಗೆ ಅದು ತಿಳಿಯದೆ, ಲಾಗಿನ್ ಆದರೂ ಫೋಲ್ಡರುಗಳ ಪಟ್ಟಿ ಬರುವುದೇ ಇಲ್ಲ. ಒಮ್ಮೆ ಹೀಗಾದಾಗ ಹೋಸ್ಟಿಂಗ್ ಕಂಪನಿಯೊಂದರ ಸಹಾಯವಾಣಿಯವರು ನನಗೆ ಕೊಟ್ಟ ಸಲಹೆ, ಎನ್‌ಕ್ರಿಪ್ಷನ್ ತೆಗೆದು ಪ್ರಯತ್ನಿಸಿ ಎಂಬುದು! ಎಸ್‌ಎಫ್‌ಟಿಪಿಗೆ 22ನೇ ಪೋರ್ಟಿನ ಒಂದೇ ಸಂಪರ್ಕ ಸಾಕಾಗುವುದರಿಂದ ಈ ತೊಡಕೇ ಇಲ್ಲ ಎಂದು ಅವರು ಹೇಳಬಹುದಾಗಿತ್ತು. ಮೊದಲ ಬಾರಿ ಎಸ್‌ಎಫ್‌ಟಿಪಿಯಲ್ಲಿ ಸೇರುವಾಗ ಸರ್ವರ್‌ನ ಗುರುತಿನ ಕೀಲಿ ತೆರೆಯ ಮೇಲೆ ಬರುತ್ತದೆ. ಅದನ್ನು ಹೋಸ್ಟಿಂಗ್‌ನವರು ಕೊಟ್ಟ ಕೀಲಿಯೊಂದಿಗೆ ಹೋಲಿಸಿ ನೋಡಿಯೇ ಒಪ್ಪಬೇಕು.

ಗೂಢಲಿಪಿಯೊಂದೇ ಎಲ್ಲವನ್ನೂ ಕಾಯುವುದಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಫೈಲ್‌ಜಿಲ್ಲಾದಲ್ಲಿ ಪಾಸ್‌ವರ್ಡ್ ಉಳಿಸಿಟ್ಟರೆ, ಉಳಿಸಿದ ಪಾಸ್‌ವರ್ಡ್‌ಗಳಿಗೆಲ್ಲ ಬೀಗವಾಗುವ ಮಾಸ್ಟರ್ ಪಾಸ್‌ವರ್ಡ್ ಹಾಕದ ಹೊರತು, ಅದು ನಮ್ಮ ಕಂಪ್ಯೂಟರಿನಲ್ಲಿ ಸುಲಭವಾಗಿ ಬಿಡಿಸಿ ಓದಬಹುದಾದ ರೂಪದಲ್ಲೇ ಇರುತ್ತದೆ. ಮಾಸ್ಟರ್ ಪಾಸ್‌ವರ್ಡ್ ಸೌಲಭ್ಯ 2017ರಲ್ಲೇ ಬಂದಿದ್ದರೂ ಅದನ್ನು ಬಳಸುವವರನ್ನು ನಾನು ನೋಡಿದ್ದು ಅಪರೂಪ. ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳುವುದೂ ಅಷ್ಟೇ ಮುಖ್ಯ. 2014ರಲ್ಲಿ ಅವಾಸ್ಟ್ ಕಂಪನಿಯು ಫೈಲ್‌ಜಿಲ್ಲಾದ ನಕಲಿ ಆವೃತ್ತಿಗಳನ್ನು ಪತ್ತೆ ಮಾಡಿದಾಗ, ಅವು ಎಲ್ಲ ಕೆಲಸವನ್ನೂ ಸರಿಯಾಗಿಯೇ ಮಾಡುತ್ತ ಲಾಗಿನ್ ವಿವರಗಳನ್ನು ಮಾತ್ರ ಬೇರೆಡೆಗೆ ಕಳುಹಿಸುತ್ತಿದ್ದುದು ಗೊತ್ತಾಯಿತು.

ಇದಕ್ಕಿಂತ ದೊಡ್ಡ ಚಿಂತೆ, ಒಂದೇ ಖಾತೆಯನ್ನು ಹತ್ತು ಜನ ಬಳಸುವುದು. ತಾಣ ಕಟ್ಟಿಕೊಟ್ಟ ಹುಡುಗ, ಕಚೇರಿಯ ಗುಮಾಸ್ತರು, ಹಿಂದಿನ ಅವಧಿಯ ಕಾರ್ಯದರ್ಶಿ, ಹೀಗೆ ಎಲ್ಲರ ವಾಟ್ಸ್‌ಆ್ಯಪ್‌ನಲ್ಲೂ ಅದೇ ಪಾಸ್‌ವರ್ಡ್ ಇರುತ್ತದೆ ಮತ್ತು ಆಡಳಿತ ಮಂಡಳಿ ಬದಲಾದರೂ ಅದು ಬದಲಾಗುವುದಿಲ್ಲ. ಸೈಬರ್ ಭದ್ರತೆಯನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಿಇಆರ್‌ಟಿ-ಇನ್ ಸಂಸ್ಥೆಯು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ಸೇವಾದಾತರು, ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ (ಯಾರು ಯಾವಾಗ ಏನು ಮಾಡಿದರೆಂಬ ದಾಖಲೆ) ಇಟ್ಟಿರಬೇಕು. ಲಾಗ್ ಇದ್ದರೂ ಅದರಲ್ಲಿ ಕಾಣುವುದು ಒಂದೇ ಹೆಸರಾದರೆ, ಕಡತ ಏರಿಸಿದವರು ಯಾರೆಂದು ಯಾವ ತನಿಖಾಧಿಕಾರಿ ಹೇಳಬಲ್ಲರು? ಒಂದೇ ಸರ್ವರ್‌ನಲ್ಲಿ ಹಲವು ತಾಣಗಳಿರುವ ಹಂಚಿಕೆಯ ಹೋಸ್ಟಿಂಗ್‌ನಲ್ಲಿಯೂ ಪ್ರತಿಯೊಬ್ಬರಿಗೂ ಅವರವರ ಫೋಲ್ಡರಿಗಷ್ಟೇ ಸೀಮಿತವಾದ ಬೇರೆ ಖಾತೆ ತೆರೆದುಕೊಡಲು ಸಾಧ್ಯವಿದೆ. ಅನೇಕ ಕಡೆ ಇಂಥ ಉಪಖಾತೆಗಳಿಗೆ ಎಸ್‌ಎಫ್‌ಟಿಪಿ ಸಿಗದೆ ಎಫ್‌ಟಿಪಿಎಸ್ ಮಾತ್ರ ಸಿಗುತ್ತದೆ. ಸಾದಾ ಎಫ್‌ಟಿಪಿಗಿಂತ ಅದು ಎಷ್ಟೋ ಮೇಲು.

ಈ ಹೊಣೆಯನ್ನೆಲ್ಲ ಗುಮಾಸ್ತರ ಮೇಲೆ ಹೊರಿಸುವುದು ನ್ಯಾಯವಲ್ಲವೆಂದು ನಾನು ಭಾವಿಸುತ್ತೇನೆ. ಸಾದಾ ಎಫ್‌ಟಿಪಿಯನ್ನು ಸರ್ವರ್‌ನಲ್ಲೇ ನಿಲ್ಲಿಸಿ, ಟಿಎಲ್‌ಎಸ್ ಇಲ್ಲದ ಲಾಗಿನ್‌ಗಳನ್ನು ತಿರಸ್ಕರಿಸುವಂತೆ ಮಾಡುವುದು ಹೋಸ್ಟಿಂಗ್ ಕಂಪನಿಗಳಿಗೆ ಕಷ್ಟದ ಕೆಲಸವೇನೂ ಅಲ್ಲ. ಹಳೆಯ ಗ್ರಾಹಕರಿಂದ ದೂರುಗಳು ಬರುತ್ತವೆಂಬ ಅಳುಕಿನಿಂದ ಅವರು ಹಾಗೆ ಮಾಡುತ್ತಿಲ್ಲ. ಕನಿಷ್ಠ ಪಕ್ಷ ಹೊಸ ಗ್ರಾಹಕರಿಗೆ ಕಳುಹಿಸುವ ಸ್ವಾಗತದ ಇ-ಮೇಲ್‌ನಲ್ಲಿ 21ನೇ ಪೋರ್ಟಿನ ವಿವರದ ಬದಲು ಎಸ್‌ಎಫ್‌ಟಿಪಿ ವಿವರಗಳನ್ನು ಕೊಡಲಿ. ಹಾಗೆಯೇ ಕಂಪ್ಯೂಟರ್ ತರಬೇತಿ ಕೇಂದ್ರಗಳು ವೆಬ್ ವಿನ್ಯಾಸದ ಪಾಠದಲ್ಲಿ ಎಫ್‌ಟಿಪಿಯನ್ನು ಇತಿಹಾಸವಾಗಿ ಹೇಳಿಕೊಡಲಿ, ಅಭ್ಯಾಸ ಮಾತ್ರ ಎಸ್‌ಎಫ್‌ಟಿಪಿಯಲ್ಲೇ ಮಾಡಿಸಲಿ. ಕೈಗೆ ಒಮ್ಮೆ ಹತ್ತಿದ ರೂಢಿಯನ್ನು ಮುಂದೆ ಬಿಡಿಸುವುದು ಕಷ್ಟ.

ಸಂಸ್ಥೆಗಳ ಪದಾಧಿಕಾರಿಗಳು ತಂತ್ರಜ್ಞಾನ ಕಲಿಯಬೇಕಾಗಿಲ್ಲ. ಹೋಸ್ಟಿಂಗ್ ಶುಲ್ಕದ ನವೀಕರಣದ ಬಿಲ್ಲು ಪ್ರತಿ ವರ್ಷ ಅವರ ಮುಂದೆ ಸಹಿಗೆ ಬಂದೇ ಬರುತ್ತದೆ. ಹಣ ಪಾವತಿಸುವ ಮೊದಲು, ನಮ್ಮ ಖಾತೆಗೆ ಸಾದಾ ಎಫ್‌ಟಿಪಿಯನ್ನು ನಿಲ್ಲಿಸಲಾಗಿದೆಯೇ, ಖಾತೆಗಳು ಯಾರ ಯಾರ ಹೆಸರಿನಲ್ಲಿವೆ, ಕಳೆದ ಬಾರಿ ಪಾಸ್‌ವರ್ಡ್ ಬದಲಿಸಿದ್ದು ಯಾವಾಗ ಎಂದು ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆದು ಸಭೆಯ ನಡಾವಳಿ ಪುಸ್ತಕದಲ್ಲಿ ದಾಖಲಿಸಲಿ ಎಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಸಾಗರ